ಬಿಟ್ರ ಓಡೂ ಕುದುರಿ

ಬಂದೂಕಿನ ಕುದುರಿಗೆ ಕಾಲಿಲ್ಲ, ಬಾಲ ಅಷ್ಟ ಐತಿ,
ಕಬ್ಬಿಣದ್ದು, ಬೆರಳಿಗೆ ಸಿಗುವಂಥದ್ದು.
ಜೋಡನಳಗಿಗೆ ಅಂಥಾವು ಎರಡು:
ಮುಂದಿಂದು ಬಲಕ್ಕ, ಹಿಂದಿಂದು ಎಡಕ್ಕ.
ಇಷ್ಟು ಪೊಲೀಸ್ ಠಾಣಿ ಮುನಶಿನೂ ಹೇಳ್ತಾನ.

ಆದರ ಗದಗಿನ್ಯಾಗ, ಹಾತಲಗೇರಿ ನಾಕಾದ ಹಿಂದ,
ಪಂಕ್ಚರ್ ಅಂಗಡಿ ಮಗ್ಗಲಕ, ನಮ್ಮಬ್ಬಾನ ತಗಡಿನ ಶೆಡ್ಡಿಗೆ
ಬರ್ತಿದ್ವು ಬ್ಯಾರೆ ಜಾತಿಯವು.
ಒಂದಕ್ಕ ಒಂದ ಕುದುರಿ, ಒಮ್ಮೆ ಎಳದ್ರ ಬಲ, ಮತ್ತೊಮ್ಮೆ ಎಳದ್ರ ಎಡ;
ನಡುವ ಕೈ ನಡುಗಿತೋ, ಎರಡೂ ಕೂಡೇ ಒದರತಿದ್ವು.
ಇನ್ನೊಂದಕ್ಕ ಚಾಕುವಿನಂಗ ಮಡಚೂ ಕುದುರಿ.
ಸವಣೂರಿಂದ ಬಂದದ್ದಕ್ಕ ಕುದುರೀನ ಇರಲಿಲ್ಲ,
ಒಂದ ಬೆಳ್ಳಿ ಗುಂಡಿ, ಯಾರದೋ ಶೆರವಾನಿದು ಕಿತ್ತು ಹಚ್ಚಿದಂಗ.
ಅದನ್ನ ಅಬ್ಬಾ ಒಂದ ವಾರ ತನ್ನ ಹತ್ರ ಇಟಗೊಂಡ,
ರೊಕ್ಕ ತಗೊಳ್ಳಲಿಲ್ಲ.

ಮಾಬುಸಾಬ ಶಿಕಲಗಾರ ಅಂತ ಲೈಸನ್ಸಿನ್ಯಾಗ ಹೆಸರು.
ನಲವತ್ತು ವರ್ಷ ಗುಂಡಿನ ಸಪ್ಪಳಕ್ಕ
ಎರಡೂ ಕಿವಿ ಕೊಟ್ಟಾಂವ.
ರಿಜಿಸ್ಟರ್ ಬರಿಯೂದು, ಫೋನ್ ಎತ್ತೂದು ನಂದು.

ಡಂಬಳದ ಅಂದಾನಪ್ಪ ಹೊಂಬಳ ಒಂದ ಶುಕ್ರವಾರ ಬಂದ.
ಗೋವಿನಜೋಳಕ್ಕ ಹಂದಿ ಬೀಳ್ತಾವ, ಗುರಿ ಹಿಡಿತೀನಿ,
ಎಳಿಬೇಕನ್ನೂದ್ರಾಗ ಬೆರಳು ಮಾತ ಕೇಳೂದಿಲ್ಲ, ಅಂದ,
ನೆಗಡಿ ಸುದ್ದಿ ಹೇಳಿದಂಗ, ಆ ಕಡೆ ನೋಡಕೋತ.
ನಾ ಚೀಟಿ ಮ್ಯಾಲ ಬರದ ತೋರಿಸಿದೆ.
ಯಾಕಂತ ಅಬ್ಬಾ ಕೇಳಲಿಲ್ಲ. ಓದಿ ನಕ್ಕ:
‘ಎಳಿಯಾಕ ಬರೂದಿಲ್ಲೇನು? ಬಿಡಾಕ ಬರತೈತಲ್ಲ.’

ಇಪ್ಪತ್ತೊಂದ ದಿವಸ ಅರ ಹಿಡಕೊಂಡ ಕುಂತ.
ಬಲನಳಗಿ ಕುದುರಿ ಸ್ವಭಾವಾನ ತಿರುವಿಬಿಟ್ಟ:
ಎಳದ್ರ ಸುಮ್ಮನ ನಿಲ್ಲತೈತಿ,
ಬಿಟ್ರ ಓಡತೈತಿ.
ಲಗಾಮ ಸಡಲ ಮಾಡಾಕ ಯಾರಿಗಿ ಕಲಿಸಬೇಕು, ಅಂದ.

ಶೀಗಿ ಹುಣ್ಣಿವಿ ಆಗಿ ಎರಡನೇ ರಾತ್ರಿ, ಎರಡೂವರಿಗೆ ಫೋನು.
ಹೆಣ್ಣದನಿ: ‘ಇವರ ಕಿವಿಗಿ ಹಿಡದೀನಿ, ಮಾತಾಡ್ರಿ.’
ಬರೇ ಉಸಿರು. ಅಂದಾನಪ್ಪಂದು.
ಮತ್ತ ಆಕೀನ ಹೇಳಿದ್ಳು.
ದಂಟ ಅಳಗ್ಯಾಡಿದ್ವಂತ, ಇಂವ ಕುದುರಿ ಎಳದನಂತ,
ಎದ್ದ ನಿಂತದ್ದು ಹಂದಿಯಲ್ಲ,
ಹೊಟ್ಟಿ ಕೆಟ್ಟು ಚರಿಗಿ ತಗೊಂಡ ಬಂದಿದ್ದ ಫಕ್ಕೀರವ್ವ.
‘ಹಿಂದಿಂದ ಬಂದು ಇವರ ಕಿಸೇದಾಗಿಂದ ಫೋನ್ ತಗದೀನಿ.
ಮುಗಲಿಗಿ ಹಾರಸ್ರಿ ಅಂದ್ರ ಕಲ್ಲಾಗಿ ನಿಂತಾರ.
ಬಿಡಾಕೂ ಬರವಲ್ದಂತ.’

ಅಬ್ಬಾನ ಎಬ್ಬಸಬೇಕಂದ್ರ ದೀಪ ಹಚ್ಚಬೇಕು,
ಚೀಟಿ ಹುಡುಕಬೇಕು, ಚಸಮಾ ಹುಡುಕಬೇಕು.
ನಾನ ಹೇಳಿದೆ:
‘ಕಾಕಾ, ತೋರಬೆರಳು ಇದ್ದಲ್ಲೇ ಇರಲಿ.
ಹೆಬ್ಬೆರಳು ಮ್ಯಾಲಿನ ಕೀಲಿಗಿ ಹಚ್ರಿ. ಸರಸ್ರಿ.
ಬಂದೂಕ ಮುರೀರಿ.’
ಮುರದ ಸಪ್ಪಳ ಕೇಳಿತು.
ತೋಟಾ ಎರಡೂ ಫಕ್ಕೀರವ್ವ ಕಿತ್ತಳಂತ, ಮೆಣಸಿನಕಾಯಿ ಹರದಂಗ.
‘ಈಗ ಬಿಡ್ರಿ.’

ಭಾಳ ಹೊತ್ತಾತು.
ಟಕ್.
ಹಲ್ಲಿಗೆ ಹಲ್ಲು ತಾಗಿದಷ್ಟ.

ಆಮ್ಯಾಲ ಆಕಿ ಬೈಯಾಕ ಹತ್ತಿದ್ಳು ನೋಡ್ರಿ,
ಹೊಂಬಳದವರ ಮೂರ ತಲಿಮಾರು ಮುಟ್ಟಿ ಬಂದ್ಳು,
ಫೋನ್ ಇನ್ನೂ ಚಾಲೂನ ಇತ್ತು.

ಮುಂಜಾನೆ ಚಾ ಕುಡಿವಾಗ ಅಬ್ಬಾ ಕೇಳಿದ,
ರಾತ್ರಿ ಎದ್ದಿದ್ದೆಲ್ಲ, ಯಾರು?
ರಾಂಗ್ ನಂಬರ್, ಅಂತ ಬರದೆ.
ಅಕ್ಷರ ಸೊಟ್ಟ ಬಂದ್ವು, ತೋರಬೆರಳು
ಮಡಚಿದ್ದು ಮಡಚಿದಂಗ ಇತ್ತು.

ಹತ್ತ ದಿನಕ್ಕ ಅಂದಾನಪ್ಪ ಅರ್ಧ ಚೀಲ ಜೋಳದ ಜೋಡಿ ಬಂದ.
ಮೊದಲಿನಂಗ ಮಾಡಿಕೊಡ್ರಿ ಅಂದ.
ಕೆಟ್ಟಿತೇನಂತ ಅಬ್ಬಾ ಕೈಸನ್ನಿ ಮಾಡಿದ.
ಕೆಟ್ಟಿಲ್ಲ ಚಾಚಾ, ಭಾಳ ಛಲೋ ಐತಿ.
ಅಬ್ಬಾ ಬಂದೂಕ ತೊಡಿ ಮ್ಯಾಲ ಇಟಗೊಂಡು
ಕುದುರಿ ಎಳದು ಬಿಟ್ಟ, ಎಳದು ಬಿಟ್ಟ,
ಕೇಳದ ಸಪ್ಪಳಾನ ಬೆರಳಿಲೆ ಕೇಳಿದ.
ನನ್ನ ಕಡೆ ನೋಡಿದ.

ತಾರೀಖು ಬರದೆ. ಹೆಸರು, ಊರು, ನಂಬರ್ ಬರದೆ.
ಕೆಲಸ: ಕುದುರಿ ತಿರುಗಿ ಹಾಕಿದ್ದು.
ಕಾರಣ ಅನ್ನೂ ಮನಿ
ಖಾಲಿ ಬಿಟ್ಟೆ.